ಮೊದಲ ಹಿಮಕ್ಕೆ ಮುಧೋಳ ನಾಯಿಯನ್ನು ಕರೆದೊಯ್ಯಬಹುದೇ?

ಪ್ರಶ್ನೆ: ನಾವು ಗಂಗಾವತಿಯವರು. ನಮ್ಮ ಮನೆಯಲ್ಲಿ ಮೂರೂವರೆ ವರ್ಷದ ಮುಧೋಳ ಹೆಣ್ಣುನಾಯಿ ಇದೆ. ಹೆಸರು ತುಂಗಿ, ತೂಕ 22 ಕಿಲೋ. ದಿನವೂ ಬೆಳಿಗ್ಗೆ ಎಡದಂಡೆ ಕಾಲುವೆಯ ಏರಿಯ ಮೇಲೆ ನನ್ನೊಂದಿಗೆ ಐದಾರು ಕಿಲೋಮೀಟರ್ ಓಡಿದರೂ ದಣಿಯುವುದಿಲ್ಲ. ದೀಪಾವಳಿಯ ನಂತರ, ಕಾರ್ತಿಕದ ಕೊನೆಯ ವಾರದಲ್ಲಿ, ಮೂವರು ಗೆಳೆಯರು ಉತ್ತರಾಖಂಡದ ಕೇದಾರಕಂಠಕ್ಕೆ ಚಾರಣ ಹೊರಟಿದ್ದೇವೆ. ಆ ಹೊತ್ತಿಗೆ ಮೇಲೆ ಮೊದಲ ಹಿಮ ಬಿದ್ದಿರುವ ಸಾಧ್ಯತೆ ಇದೆಯಂತೆ. ಎರಡು ರಾತ್ರಿ ಡೇರೆಯಲ್ಲಿ ಮಲಗಬೇಕು. ತುಂಗಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಸೈನ್ಯವೇ ಮುಧೋಳ ನಾಯಿಗಳನ್ನು ತೆಗೆದುಕೊಂಡಿರುವಾಗ ಚಳಿಗೆ ಹೆದರಬೇಕಿಲ್ಲ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಒಂದು ಸ್ವೆಟರ್ ಹಾಕಿ ರಾತ್ರಿ ಎರಡು ಚಮಚ ಬ್ರಾಂದಿ ಕುಡಿಸಿದರೆ ಸಾಕು ಎಂದು ಇನ್ನೊಬ್ಬನ ಸಲಹೆ. ತಮ್ಮ ಅಭಿಪ್ರಾಯವೇನು? ಆಗಸ್ಟ್‌ನಲ್ಲಿ ಅದಕ್ಕೆ ಉಣ್ಣಿ ಜ್ವರ ಬಂದಿತ್ತು, ಹತ್ತು ದಿನ ಮಾತ್ರೆ ಕೊಟ್ಟೆವು, ಈಗ ಆರಾಮ ಇದೆ.

ಉತ್ತರ: ಚಳಿಯನ್ನು ತುಂಗಿ ತಡೆದುಕೊಂಡೀತೇ, ಸ್ವೆಟರ್ ಸಾಕಾದೀತೇ, ಬ್ರಾಂದಿ ಕೊಡಬಹುದೇ ಎಂಬ ಮೂರು ಸಂಗತಿಗಳನ್ನು ತಾವು ಕೇಳಿದ್ದೀರಿ. ಮೂರಕ್ಕೂ ಉತ್ತರಿಸುತ್ತೇನೆ. ಆದರೆ ಪತ್ರವನ್ನು ಓದುತ್ತ ನಾನು ತಡೆದು ನಿಂತದ್ದು ತಾವು ಕೊನೆಗೆ, ಹೇಳಲೋ ಬೇಡವೋ ಎಂಬಂತೆ ಸೇರಿಸಿದ ಆ ಒಂದು ಸಾಲಿನ ಹತ್ತಿರ. ಹಿಮ, ಎತ್ತರ, ಚಳಿ ಇವೆಲ್ಲಕ್ಕಿಂತ ಮೊದಲು ತುಂಗಿಯ ಪ್ರಯಾಣವನ್ನು ತೀರ್ಮಾನಿಸಬೇಕಾದದ್ದು ಆ ಸಾಲೇ. ಆದ್ದರಿಂದ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈ ವರ್ಷ ತುಂಗಿಯನ್ನು ಕೇದಾರಕಂಠಕ್ಕೆ ಕರೆದೊಯ್ಯಬೇಡಿ. ಹಿಮವನ್ನು ಅದಕ್ಕೆ ತೋರಿಸಲೇಬೇಕು ಎಂದಿದ್ದರೆ ಅದಕ್ಕೆ ಬೇರೆ ದಾರಿ ಇದೆ, ಅದನ್ನೂ ಕೆಳಗೆ ಬರೆದಿದ್ದೇನೆ.

ಬಳ್ಳಾರಿಯಲ್ಲಿ ಕುಳಿತ ಪಶುವೈದ್ಯನಿಗೆ ಹಿಮದ ಚಳಿಯ ವಿಷಯ ಏನು ಗೊತ್ತು ಎಂದು ಯಾರಿಗಾದರೂ ಅನ್ನಿಸಬಹುದು. ಏಪ್ರಿಲ್, ಮೇ ತಿಂಗಳಿನಲ್ಲಿ ನಮ್ಮ ಬಾಗಿಲಿಗೆ ಬರುವುದು ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಮೈ ಕಾದು ಬಿದ್ದ ನಾಯಿಗಳೇ ಎಂಬುದು ನಿಜ. ಆದರೆ ಮೈ ತಣ್ಣಗಾಗಿ ಕುಸಿಯುವ ನಾಯಿಯನ್ನು ಈ ಊರಿನಲ್ಲಿಯೂ ನಾವು ವಾರವಾರ ನೋಡುತ್ತೇವೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಅರಿವಳಿಕೆ ಕೊಟ್ಟು, ಹೊಟ್ಟೆಯ ಕೂದಲು ಬೋಳಿಸಿ, ಸ್ಪಿರಿಟ್ ಒರೆಸಿ ಮಲಗಿಸಿದ ನಾಯಿಯ ಮೈ ಶಾಖ 28 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿಯೂ ಅರ್ಧ ಗಂಟೆಯಲ್ಲಿ ಇಳಿಯತೊಡಗುತ್ತದೆ. ಮುಧೋಳದಂಥ ತೆಳ್ಳಗಿನ ನಾಯಿಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಅಲ್ಲಿ ಹಿಮವೂ ಇಲ್ಲ, ಶೀತಗಾಳಿಯೂ ಇಲ್ಲ. ಮೈ ಒದ್ದೆಯಾಗಿದೆ, ಕೂದಲಿನ ರಕ್ಷಣೆ ಇಲ್ಲ, ಸ್ನಾಯುಗಳು ಕೆಲಸ ಮಾಡುತ್ತಿಲ್ಲ, ಅಷ್ಟೇ. ನಾಯಿಯನ್ನು ಕೆಡವುವುದು ಥರ್ಮಾಮೀಟರ್ ತೋರಿಸುವ ಹೊರಗಿನ ಅಂಕಿಗಿಂತ ಹೆಚ್ಚಾಗಿ ಒದ್ದೆ, ಗಾಳಿ ಮತ್ತು ನಿಶ್ಚಲತೆ ಈ ಮೂರರ ಕೂಟ ಎಂಬುದನ್ನು ನಾನು ಕಲಿತದ್ದು ಆ ಮೇಜಿನ ಪಕ್ಕದಲ್ಲಿ.

ಈ ಮೂರನ್ನೂ ಒಟ್ಟಿಗೆ ತರುವುದರಲ್ಲಿ ಋತುವಿನ ಮೊದಲ ಹಿಮಕ್ಕೆ ಸಮನಾದದ್ದು ಬೇರೆ ಇಲ್ಲ. ಮಾಘ ಮಾಸದ ಗಟ್ಟಿ ಚಳಿಯಲ್ಲಿ ಬೀಳುವ ಹಿಮ ಒಣಗಿದ್ದು, ಹಿಟ್ಟಿನಂತಿರುತ್ತದೆ, ನಾಯಿ ಮೈ ಕೊಡವಿದರೆ ಉದುರಿಹೋಗುತ್ತದೆ. ಕಾರ್ತಿಕದ ಹಿಮ ಹಾಗಲ್ಲ. ನೆಲದಲ್ಲಿ ಇನ್ನೂ ಶಾಖ ಉಳಿದಿರುತ್ತದೆ. ಹಗಲು ಬಿಸಿಲಿಗೆ ಕರಗಿ ಕೆಸರಾಗುತ್ತದೆ, ಸಂಜೆಗೆ ಅದೇ ನೀರು ಮತ್ತೆ ಹೆಪ್ಪುಗಟ್ಟಿ ಗಾಜಿನ ಚೂರಿನಂಥ ಪದರವಾಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹೊಟ್ಟೆಯವರೆಗೆ ತೊಯ್ದ ನಾಯಿಗೆ ಇರುವ ಅಪಾಯ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನ ಒಣ ಚಳಿಯಲ್ಲಿ ನಡೆಯುತ್ತಿರುವ ನಾಯಿಗೆ ಇರುವುದಕ್ಕಿಂತ ಹೆಚ್ಚು. ಇನ್ನೊಂದು ಮಾತು. ನಡೆಯುವಾಗ ಸ್ನಾಯುಗಳೇ ಒಲೆಯಂತೆ ಉರಿಯುತ್ತಿರುವುದರಿಂದ ತುಂಗಿಗೆ ದಾರಿಯಲ್ಲಿ ಅಷ್ಟಾಗಿ ಚಳಿ ತಿಳಿಯುವುದಿಲ್ಲ. ಕಷ್ಟ ಶುರುವಾಗುವುದು ತಾವು ಬಿಡಾರ ತಲುಪಿ, ಚೀಲ ಇಳಿಸಿ, ಡೇರೆ ಕಟ್ಟುತ್ತ, ಚಹಾ ಕಾಯಿಸುತ್ತ ಕಳೆಯುವ ಆ ಮುಕ್ಕಾಲು ಗಂಟೆಯಲ್ಲಿ. ಒದ್ದೆ ಮೈಯ ನಾಯಿ ಆಗ ಗಾಳಿಯಲ್ಲಿ ಸುಮ್ಮನೆ ನಿಂತಿರುತ್ತದೆ, ಯಾರೂ ಅದರ ಕಡೆ ನೋಡುತ್ತಿರುವುದಿಲ್ಲ.

ಈಗ ಗೆಳೆಯರ ಮಾತುಗಳನ್ನು ನೋಡೋಣ. ಮೀರತ್‌ನಲ್ಲಿರುವ ಸೈನ್ಯದ ಪಶುವೈದ್ಯಕೀಯ ದಳದ ಕೇಂದ್ರಕ್ಕೆ ಮುಧೋಳ ನಾಯಿಗಳನ್ನು ತರಬೇತಿಗೆ ಕರೆದೊಯ್ದದ್ದು ನಿಜ, ಅದು ನಮ್ಮೆಲ್ಲರಿಗೂ ಹೆಮ್ಮೆಯ ಸಂಗತಿ. ಆದರೆ ಸೈನ್ಯದ ನಾಯಿಗೆ ತಿಂಗಳುಗಟ್ಟಲೆ ತರಬೇತಿ ಇರುತ್ತದೆ, ಪಳಗಿದ ಪಾಲಕನಿರುತ್ತಾನೆ, ಕರೆದರೆ ಬರುವ ಪಶುವೈದ್ಯನಿರುತ್ತಾನೆ. ಗಂಗಾವತಿಯ ಮನೆಯ ಜಗಲಿಯ ಮೇಲೆ ಮಲಗುವ ನಾಯಿ ಮೂರು ದಿನದಲ್ಲಿ ಹಿಮದ ಡೇರೆಗೆ ಹೋಗುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ. ಮುಧೋಳ ನಾಯಿಯ ಮೈಕಟ್ಟು ಬಾಗಲಕೋಟೆಯ ಎರೆಭೂಮಿಯಲ್ಲಿ ಮೊಲದ ಬೆನ್ನಟ್ಟಿ ಓಡಲು ರೂಪುಗೊಂಡದ್ದು. ಉದ್ದ ಕಾಲು, ಆಳವಾದ ಎದೆ, ಸೊಂಟದಲ್ಲಿ ಒಳಸೇರಿದ ಹೊಟ್ಟೆ, ತೆಳುವಾದ ಚರ್ಮ, ಮೈಗಂಟಿದ ಗಿಡ್ಡ ಕೂದಲು, ಚರ್ಮದಡಿ ಹೆಸರಿಗಷ್ಟೇ ಕೊಬ್ಬು. ಇವೆಲ್ಲವೂ ಮೈ ಶಾಖವನ್ನು ಬೇಗ ಹೊರಹಾಕುವುದಕ್ಕೆ ಅನುಕೂಲವಾದವು, ಹಿಡಿದಿಡುವುದಕ್ಕಲ್ಲ. ಹಿಮಾಲಯದ ಕುರಿಗಾಹಿಗಳ ಭೋಟಿಯಾ, ಗದ್ದಿ ನಾಯಿಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅವುಗಳಿಗೆ ಹೊರಗೆ ನೀರನ್ನು ಜಾರಿಸುವ ಒರಟು ಕೂದಲು, ಒಳಗೆ ಹತ್ತಿಯಂಥ ಮೃದು ತುಪ್ಪಳ, ಹೀಗೆ ಎರಡು ಪದರಗಳಿವೆ. ಗಾಳಿ ಸಿಕ್ಕಿಹಾಕಿಕೊಂಡು ಶಾಖ ನಿಲ್ಲುವುದು ಆ ಒಳಪದರದಲ್ಲಿ. ತುಂಗಿಗೆ ಅದು ಇಲ್ಲವೇ ಇಲ್ಲ. ಎಷ್ಟು ದಿನ ಚಳಿಯಲ್ಲಿ ಇರಿಸಿದರೂ ಅದು ಬೆಳೆಯುವುದಿಲ್ಲ.

ಹಾಗಾದರೆ ಸ್ವೆಟರ್? ಕಳೆದ ವರ್ಷಗಳಲ್ಲಿ ಇಂಥದೇ ಪ್ರವಾಸ ಮುಗಿಸಿ ಬಂದ ಒಂದು ನಾಯಿಯನ್ನು ನನ್ನ ಬಳಿ ತಂದಿದ್ದರು. ಪ್ರೀತಿಯಿಂದ ಹೊಲಿಸಿದ ದಪ್ಪ ಹತ್ತಿಯ ಅಂಗಿ ಹಾಕಿದ್ದರಂತೆ. ಮೊದಲ ದಿನವೇ ಅದು ಹಿಮದಲ್ಲಿ ತೊಯ್ದಿತು, ರಾತ್ರಿ ನಾಯಿಯ ಮೈಮೇಲೆಯೇ ಸೆಟೆಯಿತು, ಅಂಗಿ ಇದೆಯಲ್ಲ ಎಂಬ ಧೈರ್ಯದಲ್ಲಿ ಯಾರೂ ಒಳಗೆ ಕೈ ಹಾಕಿ ನೋಡಲಿಲ್ಲ. ನಾಯಿ ಉಳಿಯಿತು, ಆದರೆ ಕಂಕುಳಿನ ಚರ್ಮ ಉಜ್ಜಿ ಹುಣ್ಣಾಗಿತ್ತು. ಒದ್ದೆಯಾದ ಹತ್ತಿ ಬೆಚ್ಚಗಿಡುವುದಿಲ್ಲ, ಮೈಯ ಶಾಖವನ್ನು ಹೀರುತ್ತದೆ. ಒದ್ದೆಯಾದರೂ ಸ್ವಲ್ಪಮಟ್ಟಿಗೆ ಶಾಖ ಉಳಿಸುವ ಗುಣ ಇರುವುದು ಕುರಿಯ ತುಪ್ಪಳಕ್ಕೆ. ನಮ್ಮ ಭಾಗದ ಕುರುಬರ ಕಂಬಳಿಯ ತುಂಡಿನಿಂದ ಎದೆ, ಹೊಟ್ಟೆ ಮತ್ತು ಸೊಂಟ ಮುಚ್ಚುವ ಅಂಗಿ ಹೊಲಿಸಿ, ಒಳಗೆ ಚುಚ್ಚದಂತೆ ಮೆತ್ತನೆಯ ಬಟ್ಟೆ ಕೊಟ್ಟು, ಮೇಲೊಂದು ನೀರು ಇಳಿಯದ ಹೊದಿಕೆ ಹಾಕಿಸುವುದು ಅಂಗಡಿಯ ಎಷ್ಟೋ ಅಂದದ ಉಡುಪುಗಳಿಗಿಂತ ಒಳ್ಳೆಯದು. ಅಂಥವು ಎರಡು ಬೇಕು, ನಡೆಯುವಾಗ ಒಂದು, ಮಲಗುವಾಗ ಒಣಗಿದ ಇನ್ನೊಂದು. ನಾಯಿಯ ಕೆಳಗೆ ಹಾಸುವುದಕ್ಕೆ ನೆಲದ ಚಳಿ ತಡೆಯುವ ದಪ್ಪ ಹಾಸು ಬೇಕೇಬೇಕು, ಏಕೆಂದರೆ ಮಲಗಿದ ನಾಯಿಯ ಶಾಖ ಮೇಲಿನ ಗಾಳಿಗಿಂತ ಕೆಳಗಿನ ನೆಲಕ್ಕೆ ವೇಗವಾಗಿ ಹರಿದುಹೋಗುತ್ತದೆ.

ಬ್ರಾಂದಿಯ ವಿಷಯದಲ್ಲಿ ಮಾತ್ರ ನನಗೆ ಮೃದುವಾಗಿ ಹೇಳಲು ಬರುವುದಿಲ್ಲ. ದಯವಿಟ್ಟು ಒಂದು ಹನಿಯನ್ನೂ ಕೊಡಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಚರ್ಮಕ್ಕೆ ನುಗ್ಗಿದಾಗ ಬೆಚ್ಚಗಾದಂತೆ ಅನ್ನಿಸುತ್ತದೆ, ನಿಜದಲ್ಲಿ ಹೃದಯ, ಮಿದುಳುಗಳ ಸುತ್ತ ಉಳಿಯಬೇಕಾಗಿದ್ದ ಶಾಖ ಹೊರಗೆ ಚೆಲ್ಲಿಹೋಗುತ್ತಿರುತ್ತದೆ. ನಡುಕ ತಗ್ಗುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ಉಸಿರಾಟ ಮಂದವಾಗುತ್ತದೆ. 22 ಕಿಲೋ ತೂಕದ, ಮದ್ಯವನ್ನು ಎಂದೂ ಕಾಣದ ಜೀವಕ್ಕೆ ಅದು ವಿಷವೇ. ಇದರ ಜೊತೆಗೆ, ಚಾರಣಿಗರ ಜೇಬಿನಲ್ಲಿ ಸದಾ ಇರುವ ಒಣದ್ರಾಕ್ಷಿಯನ್ನೂ ಚಾಕೊಲೇಟನ್ನೂ ಹಂಚಿಕೊಂಡು ತಿನ್ನುವ ಪ್ರೀತಿಯನ್ನು ತಡೆಯಿರಿ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು, ಚಾಕೊಲೇಟ್ ಹೃದಯದ ಬಡಿತವನ್ನು ತಪ್ಪಿಸಬಲ್ಲದು. ಮನುಷ್ಯರ ನೋವಿನ ಮಾತ್ರೆಗಳನ್ನಾಗಲಿ, ಎತ್ತರದ ಕಾಯಿಲೆಗೆ ತಾವು ಇಟ್ಟುಕೊಳ್ಳುವ ಮಾತ್ರೆಗಳನ್ನಾಗಲಿ ಅಂದಾಜಿನಲ್ಲಿ ಮುರಿದು ಕೊಡುವುದೂ ಬೇಡ. ಚಳಿಗೆ ನಾಯಿಗೆ ಬೇಕಾದ ಒಲೆ ಆಹಾರವೇ. ಚಳಿಯಲ್ಲಿ ದಿನವಿಡೀ ಏರುವ ನಾಯಿಗೆ ಮನೆಯಲ್ಲಿ ತಿನ್ನುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಆಹಾರ ಬೇಕಾಗಬಹುದು. ಮೊಸರನ್ನದ ಪ್ರಮಾಣ ಹೆಚ್ಚಿಸಿದರೆ ಸಾಲದು, ಮೊಟ್ಟೆ, ಮಾಂಸ, ಕೊಬ್ಬಿನ ಅಂಶ ಏರಬೇಕು, ಅದನ್ನೂ ಹೊರಡುವ ಮೂರು ವಾರ ಮೊದಲಿನಿಂದ ನಿಧಾನವಾಗಿ ಏರಿಸಬೇಕು. ಮುಧೋಳ ಆಳವಾದ ಎದೆಯ ತಳಿಯಾದ್ದರಿಂದ ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಅದು ಗುಡ್ಡದ ಮೇಲೆ ಸಂಭವಿಸಿದರೆ ಉಳಿಸಿಕೊಳ್ಳುವುದು ಬಹುತೇಕ ಅಸಾಧ್ಯ. ನಡಿಗೆಗೆ ಎರಡು ಗಂಟೆ ಮೊದಲು ಸ್ವಲ್ಪ, ಸಂಜೆ ಉಸಿರು ಸಮಸ್ಥಿತಿಗೆ ಬಂದ ಮೇಲೆ ಹೆಚ್ಚು, ಹೀಗೆ ಹಂಚಿ ಕೊಡಬೇಕು. ಹಿಮವನ್ನೇ ತಿನ್ನುತ್ತದೆ, ನೀರು ಬೇಡ ಎಂದುಕೊಳ್ಳಬಾರದು. ತಿಂದ ಹಿಮವನ್ನು ಕರಗಿಸಲು ಮೈಯ ಶಾಖವೇ ಖರ್ಚಾಗುತ್ತದೆ, ಆದ್ದರಿಂದ ಫ್ಲಾಸ್ಕಿನ ಬೆಚ್ಚನೆಯ ನೀರನ್ನು ಗಂಟೆಗೊಮ್ಮೆ ಕುಡಿಸಬೇಕು.

ಪಾದಗಳ ಬಗ್ಗೆ ಜನರಲ್ಲಿರುವ ಭಯ ಭಾಗಶಃ ತಪ್ಪು, ಭಾಗಶಃ ಸರಿ. ನಾಯಿಯ ಪಾದದ ಮೆತ್ತೆಗಳಲ್ಲಿ ಕೆಳಗಿಳಿಯುವ ಬಿಸಿರಕ್ತದ ನಾಳ ಮತ್ತು ಮೇಲೇರುವ ತಣ್ಣನೆಯ ರಕ್ತದ ನಾಳಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಮೇಲೇರುವ ರಕ್ತ ದಾರಿಯಲ್ಲಿಯೇ ಬೆಚ್ಚಗಾಗುತ್ತದೆ. ಹೀಗಾಗಿ ಆರೋಗ್ಯವಂತ ನಾಯಿಯ ಪಾದ ಹಿಮದಲ್ಲಿ ನಡೆಯುವಾಗ ಹೆಪ್ಪುಗಟ್ಟುವುದು ಅಪರೂಪ. ಹೆಪ್ಪುಗಟ್ಟುವ ಭಯ ಇರುವುದು ಕಿವಿಯ ಅಂಚಿಗೆ, ಮುಧೋಳದ ಉದ್ದ ಬಾಲದ ತುದಿಗೆ. ಪಾದಕ್ಕೆ ಆಗುವ ನಿಜವಾದ ಹಾನಿ ಕೊಯ್ತ. ರಾತ್ರಿ ಗಟ್ಟಿಯಾದ ಹಿಮದ ಪದರ ಕಾಲು ಇಟ್ಟಾಗ ಒಡೆದು, ಅದರ ಅಂಚು ಬೆರಳುಗಳ ನಡುವಿನ ಚರ್ಮವನ್ನೂ ಮೇಲಿನ ಒಂಟಿ ಉಗುರಿನ ಬುಡವನ್ನೂ ಸೀಳುತ್ತದೆ. ಕಾಲಿಗೆ ಬೂಟು ಹಾಕುವುದಾದರೆ ಎರಡು ಮೂರು ವಾರ ಮೊದಲೇ ಮನೆಯಂಗಳದಲ್ಲಿ ರೂಢಿ ಮಾಡಿಸಬೇಕು, ಬಿಗಿಯಾಗಿ ಕಟ್ಟಬಾರದು, ಪ್ರತಿ ಗಂಟೆಗೆ ಬಿಚ್ಚಿ ನೋಡಬೇಕು. ಬಿಗಿದ ಬೂಟಿನೊಳಗೆ ರಕ್ತಸಂಚಾರ ನಿಂತ ಪಾದ ಬರಿಗಾಲಿಗಿಂತ ಬೇಗ ಕೆಡುತ್ತದೆ. ಮೆತ್ತೆಗಳಿಗೆ ತೆಳುವಾಗಿ ವ್ಯಾಸಲಿನ್ ಸವರಬಹುದು. ಬೇವಿನೆಣ್ಣೆ, ಕರ್ಪೂರ ಬೆರೆಸಿದ ಮುಲಾಮು ಬೇಡ, ನಾಯಿ ನೆಕ್ಕುತ್ತದೆ.

ಎತ್ತರದ ಮಾತಿಗೆ ಬರುತ್ತೇನೆ. ಕೇದಾರಕಂಠದ ತುದಿ ಸುಮಾರು 3,800 ಮೀಟರ್, ಅಂದರೆ 12,500 ಅಡಿ. ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಗಂಗಾವತಿಯಲ್ಲಿ ದೊರೆಯುವುದರ ಮೂರನೇ ಎರಡು ಭಾಗದಷ್ಟು ಮಾತ್ರ. ಎತ್ತರದ ಕಾಯಿಲೆ ಮನುಷ್ಯರಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆ ತಪ್ಪು. ನಾಯಿಗೂ ಬರುತ್ತದೆ. ಊಟ ಬಿಡುವುದು, ವಾಂತಿ, ನಿಂತಾಗಲೂ ನಿಲ್ಲದ ಏದುಸಿರು, ಒಣ ಕೆಮ್ಮು, ಒಸಡು ನೀಲಿಗೆ ತಿರುಗುವುದು ಇದರ ಲಕ್ಷಣಗಳು. ಅದಕ್ಕೆ ನಂಬಬಹುದಾದ ಔಷಧ ಕೆಳಗಿಳಿಯುವುದೊಂದೇ. ಆಮ್ಲಜನಕ ಕಡಿಮೆ ಇರುವ ಕಡೆ ಇರುವಷ್ಟನ್ನು ಮೈಯೆಲ್ಲ ಹೊತ್ತು ತಿರುಗಬೇಕಾದದ್ದು ರಕ್ತದ ಕೆಂಪುಕಣಗಳು. ಈಗ ಉಣ್ಣಿ ಜ್ವರದ ಆ ಸಾಲನ್ನು ನೆನಪಿಸಿಕೊಳ್ಳಿ.

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಲ್ಲಿ ನಾಯಿಗಳನ್ನು ಕಾಡುವ ಕಂದು ಉಣ್ಣಿ ಹೊಲದಲ್ಲಿ ಅಲ್ಲ, ನಮ್ಮ ಮನೆಗಳಲ್ಲಿಯೇ, ಗೋಡೆಯ ಬಿರುಕು, ಚಪ್ಪಡಿ ಕಲ್ಲಿನ ಸಂದಿಗಳಲ್ಲಿ ಬದುಕುತ್ತದೆ. ಅದು ಕಚ್ಚಿ ದಾಟಿಸುವ ಎರ್ಲಿಕಿಯಾ ಎಂಬ ರೋಗಾಣು ಬಿಳಿಯ ರಕ್ತಕಣಗಳೊಳಗೆ ಮನೆ ಮಾಡಿಕೊಳ್ಳುತ್ತದೆ. ಮೊದಲು ಜ್ವರ ಬರುತ್ತದೆ, ಊಟ ಬಿಡುತ್ತದೆ, ಕೆಲವು ದಿನದಲ್ಲಿ ನಾಯಿ ಮತ್ತೆ ಓಡಾಡುತ್ತದೆ. ರೋಗಾಣು ಪೂರ್ತಿ ಹೋಗದಿದ್ದರೆ ಎರಡನೆಯ ಹಂತ ಶುರುವಾಗುತ್ತದೆ, ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬಹುದು. ಆ ಅವಧಿಯಲ್ಲಿ ಹೊರಗೆ ಯಾವ ಲಕ್ಷಣವೂ ಕಾಣದೆ ಒಳಗೆ ಮಾತ್ರ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಗ್ಗುತ್ತಿರುತ್ತವೆ, ನಿಧಾನವಾಗಿ ಕೆಂಪುಕಣಗಳೂ ಕುಗ್ಗಬಹುದು. ಇದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ. ತಾವು ಹತ್ತು ದಿನ ಕೊಟ್ಟಿದ್ದೀರಿ. ತಮ್ಮನ್ನು ದೂರುತ್ತಿಲ್ಲ, ನಾಯಿ ಊಟ ಮಾಡತೊಡಗಿದ ಕೂಡಲೇ ಮಾತ್ರೆ ನಿಲ್ಲಿಸುವುದು ನಮ್ಮ ಕಡೆ ಹತ್ತರಲ್ಲಿ ಎಂಟು ಮನೆಗಳಲ್ಲಿ ನಡೆಯುತ್ತದೆ ಎಂದು ನನ್ನ ಅನುಭವದಿಂದ ಹೇಳಬಲ್ಲೆ, ಹಾಗಾಗದಂತೆ ಎಚ್ಚರಿಸಬೇಕಾದ ಹೊಣೆ ನಮ್ಮಂಥವರದು. ಆದರೆ ತುಂಗಿಯ ರಕ್ತ ಇಂದು ಯಾವ ಸ್ಥಿತಿಯಲ್ಲಿದೆ ಎಂಬುದು ಕಾಲುವೆಯ ಏರಿಯ ಮೇಲಿನ ಓಟದಿಂದ ತಿಳಿಯುವುದಿಲ್ಲ. ಅಲ್ಲಿ ಆಮ್ಲಜನಕಕ್ಕೆ ಕೊರತೆ ಇಲ್ಲ, ಸ್ವಲ್ಪ ರಕ್ತ ಕಡಿಮೆ ಇದ್ದರೂ ಎಳೆಯ ದೇಹ ಸರಿದೂಗಿಸಿಕೊಳ್ಳುತ್ತದೆ. ಅದೇ ನಾಯಿ 3,400 ಮೀಟರ್ ಎತ್ತರದ ಬಿಡಾರದಲ್ಲಿ, ಒದ್ದೆ ಮೈಯಲ್ಲಿ, ಸಾಲದ ಕೆಂಪುಕಣಗಳೊಂದಿಗೆ ರಾತ್ರಿ ಕಳೆಯುವುದನ್ನೂ, ಹಿಮದ ಅಂಚು ಕೊಯ್ದ ಪಾದದಿಂದ ಒಸರುವ ರಕ್ತ ಪ್ಲೇಟ್‌ಲೆಟ್ ಕೊರತೆಯಿಂದ ನಿಲ್ಲದಿರುವುದನ್ನೂ ಊಹಿಸಿಕೊಳ್ಳಿ. ಅಲ್ಲಿಂದ ರಸ್ತೆಗೆ ಒಂದು ದಿನದ ಇಳಿತ, ಅಲ್ಲಿಂದ ಡೆಹ್ರಾಡೂನ್‌ಗೆ ಮತ್ತೊಂದು ದಿನದ ಪಯಣ. ನಾನು ಬೇಡ ಎಂದದ್ದಕ್ಕೆ ಮುಖ್ಯ ಕಾರಣ ಇದು.

ತುಂಗಿ ದಣಿಯುವುದಿಲ್ಲ ಎಂದು ಬರೆದಿದ್ದೀರಿ. ದಣಿದರೂ ತೋರಿಸುವುದಿಲ್ಲ ಎಂದು ಅದನ್ನು ನಾನು ಓದಿಕೊಳ್ಳುತ್ತೇನೆ. ತಾವು ಮುಂದೆ ಹೋಗುತ್ತಿರುವವರೆಗೆ ಅದು ಹಿಂದೆ ಬರುತ್ತದೆ, ಅದಕ್ಕೆ ಬೇರೆ ಲೆಕ್ಕವಿಲ್ಲ. ಎತ್ತು ಕೂಡ ಸಾಕಾದಾಗ ನಿಂತುಬಿಡುತ್ತದೆ. ನಾಯಿ ನಿಲ್ಲುವುದಿಲ್ಲ, ಬಿದ್ದ ಮೇಲೆಯೇ ಗೊತ್ತಾಗುತ್ತದೆ. ಆದ್ದರಿಂದ ನಾಯಿಯೊಡನೆ ಯಾವುದೇ ಗುಡ್ಡ ಹತ್ತುವವರು ಎಲ್ಲಿ ಹಿಂತಿರುಗಬೇಕು ಎಂಬುದನ್ನು ಕೆಳಗೇ ತೀರ್ಮಾನಿಸಿಕೊಂಡು ಹೊರಡಬೇಕು, ಮೇಲೆ ಹೋದ ಮೇಲೆ ನಾಯಿಯ ಉತ್ಸಾಹವನ್ನು ನೋಡಿ ಬದಲಿಸಬಾರದು. ಮೂವರಲ್ಲಿ ಒಬ್ಬರು ನಾಯಿಯೊಡನೆ ಯಾವ ಗಳಿಗೆಯಲ್ಲಾದರೂ ಇಳಿದುಬಿಡಲು ಸಿದ್ಧರಿರಬೇಕು, ತುದಿ ಕಣ್ಣೆದುರು ಕಾಣುತ್ತಿದ್ದರೂ ಸಹ. ಅಂಥವರು ತಂಡದಲ್ಲಿ ಇಲ್ಲದಿದ್ದರೆ ನಾಯಿಯನ್ನು ಕರೆದೊಯ್ಯುವ ಮಾತೇ ಬೇಡ.

ಕೇದಾರಕಂಠಕ್ಕೆ ಕಾನೂನಿನ ತೊಡಕೂ ಇದೆ. ಆ ಬೆಟ್ಟ ಗೋವಿಂದ ವನ್ಯಜೀವಿ ಧಾಮದ ವ್ಯಾಪ್ತಿಯದು, ಸಂರಕ್ಷಿತ ಅರಣ್ಯಗಳಲ್ಲಿ ಸಾಕುನಾಯಿಗಳಿಗೆ ಸಾಮಾನ್ಯವಾಗಿ ಪ್ರವೇಶವಿರುವುದಿಲ್ಲ. ಯಾರೋ ಕರೆದೊಯ್ದಿದ್ದರು ಎಂಬುದನ್ನು ನೆಚ್ಚಿಕೊಳ್ಳದೆ ಅಲ್ಲಿನ ಅರಣ್ಯ ಇಲಾಖೆಯನ್ನೇ ಕೇಳಬೇಕು. ಈ ನಿಯಮಕ್ಕೆ ಕಾರಣವಿದೆ. ನಾಯಿಗಳ ಡಿಸ್ಟೆಂಪರ್‌ನಂಥ ರೋಗಗಳು ಕಾಡುಪ್ರಾಣಿಗಳಿಗೆ ಹರಡುತ್ತವೆ. ಮತ್ತೊಂದು ಕಡೆ, ಚಿರತೆಗೆ ನಾಯಿ ಸಲೀಸಾದ ಬೇಟೆ. ಹಿಮಾಲಯದ ಕುರಿಗಾಹಿಗಳು ತಮ್ಮ ದೈತ್ಯ ನಾಯಿಗಳ ಕೊರಳಿಗೂ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುವುದು ಚಿರತೆಯ ಭಯದಿಂದಲೇ. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವುದು ಮುಧೋಳದ ರಕ್ತದಲ್ಲಿ ಇರುವುದರಿಂದ ಅದನ್ನು ಹಿಮದ ಇಳಿಜಾರಿನಲ್ಲಿ ಹಗ್ಗವಿಲ್ಲದೆ ಬಿಡುವುದು ಪ್ರಪಾತಕ್ಕೆ ಬಿಟ್ಟಂತೆ. ಕೊರಳ ಪಟ್ಟಿಗಿಂತ ಎದೆಗೆ ಹಾಕುವ ಪಟ್ಟಿ ಒಳ್ಳೆಯದು, ಮುಧೋಳದ ಕಿರಿದಾದ ತಲೆ ಕೊರಳಪಟ್ಟಿಯಿಂದ ಸುಲಭವಾಗಿ ನುಣುಚಿಕೊಳ್ಳುತ್ತದೆ.

ಹಾಗಾದರೆ ಮಾಡಬಹುದಾದ್ದೇನು? ಈ ಸಲದ ಚಾರಣಕ್ಕೆ ತಾವು ಮೂವರೇ ಹೋಗಿ, ತುಂಗಿಯನ್ನು ಅದಕ್ಕೆ ಪರಿಚಯವಿರುವ ಮನೆಯಲ್ಲಿ ಬಿಡುವುದು ನನ್ನ ಮೊದಲ ಸಲಹೆ. ಇದರಲ್ಲಿಯೂ ಅಪಾಯ ಇಲ್ಲದಿಲ್ಲ. ಒಬ್ಬರಿಗೇ ಅಂಟಿಕೊಂಡ ನಾಯಿ ಎರಡು ಮೂರು ದಿನ ಊಟ ಬಿಡಬಹುದು, ತಪ್ಪಿಸಿಕೊಂಡು ಹುಡುಕಿ ಹೊರಡಬಹುದು. ಆದ್ದರಿಂದ ಮೊದಲೇ ಒಂದೆರಡು ರಾತ್ರಿ ಅಲ್ಲಿ ಬಿಟ್ಟು ರೂಢಿಸಿ, ತಮ್ಮ ಮೈವಾಸನೆ ಇರುವ ಹಳೆಯ ಅಂಗಿಯೊಂದನ್ನು ಅದರ ಹಾಸಿನಲ್ಲಿ ಇಡಿ.

ಎರಡನೆಯ ದಾರಿ, ರಕ್ತ ಪರೀಕ್ಷೆ ಚೆನ್ನಾಗಿ ಬಂದರೆ ಮಾತ್ರ, ಚಾರಣವನ್ನೇ ಬಿಟ್ಟು ಹಿಮದ ಅಂಚಿಗೆ ಹೋಗಿಬರುವುದು. ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ಎರಡು ದಿನ ತಂಗಿ, 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗದ ಮೂಲಕ ಸುಮಾರು 3,100 ಮೀಟರ್ ಎತ್ತರದ ಸಿಸ್ಸುವಿಗೆ ಕಾರಿನಲ್ಲಿ ಹೋಗಿ, ಹಿಮವಿದ್ದರೆ ಒಂದು ಗಂಟೆ ಆಡಿಸಿ, ಒರೆಸಿ, ಸಂಜೆಗೆ ಮತ್ತೆ ಕೆಳಗಿಳಿದು ಬೆಚ್ಚನೆಯ ಕೋಣೆಯಲ್ಲಿ ಮಲಗಿಸಬಹುದು. ರಾತ್ರಿಯ ಚಳಿ ಇಲ್ಲ, ಕಾರು ನೂರು ಹೆಜ್ಜೆಯಲ್ಲಿದೆ. ಕಷ್ಟವಿರುವುದು ಪ್ರಯಾಣದಲ್ಲಿ. ರಾಯಚೂರಿನಿಂದಲೋ ಗುಂತಕಲ್ಲಿನಿಂದಲೋ ದಿಲ್ಲಿಯ ರೈಲು ಹಿಡಿಯುವುದಾದರೆ, ಎಸಿ ಮೊದಲ ದರ್ಜೆಯ ಎರಡು ಅಥವಾ ನಾಲ್ಕು ಬರ್ತಿನ ಕೋಣೆಯನ್ನು ಪೂರ್ತಿ ಕಾಯ್ದಿರಿಸಿದರೆ ಮಾತ್ರ ನಾಯಿಯನ್ನು ಜೊತೆಗಿರಿಸಿಕೊಳ್ಳಬಹುದು. ಇಲ್ಲದಿದ್ದರೆ ಅದು ಬ್ರೇಕ್‌ವ್ಯಾನಿನ ಪೆಟ್ಟಿಗೆಯಲ್ಲಿ ಹೋಗಬೇಕು, ಒಂದೂವರೆ ದಿನ ಗದ್ದಲದಲ್ಲಿ, ಹಗಲಿನ ಸೆಕೆ, ರಾತ್ರಿಯ ಚಳಿಯಲ್ಲಿ ಒಂಟಿಯಾಗಿ. ಅದನ್ನು ನಾನು ಯಾವ ನಾಯಿಗೂ ಹೇಳುವುದಿಲ್ಲ.

ಮೂರನೆಯದು, ಒಂದು ವರ್ಷ ಕಾದು ಸಿದ್ಧಪಡಿಸುವುದು. ಕಾರ್ತಿಕ, ಮಾರ್ಗಶಿರದ ಬೆಳಗುಗಳು ನಮ್ಮ ಸೀಮೆಯಲ್ಲಿ ನಾಯಿಯೊಡನೆ ಗುಡ್ಡ ಹತ್ತಲು ವರ್ಷದಲ್ಲೇ ಅತ್ಯುತ್ತಮ ಕಾಲ. ಸಮತಟ್ಟಾದ ಏರಿಯ ಮೇಲೆ ಓಡುವ ನಾಯಿಯ ಸ್ನಾಯುಗಳೇ ಬೇರೆ, ಇಳಿಯುವಾಗ ಮೈಭಾರ ತಡೆಯುವ ಸ್ನಾಯುಗಳೇ ಬೇರೆ. ತಮ್ಮ ಹತ್ತಿರದಲ್ಲಿಯೇ ಹೇಮಗುಡ್ಡ, ಕುಮ್ಮಟದುರ್ಗಗಳಿವೆ. ಸಂಡೂರಿನ ಬೆಟ್ಟಗಳು ದೂರವೇನಲ್ಲ. ಕಲ್ಲುಬಂಡೆಯ ಮೇಲೆ ವಾರಕ್ಕೆರಡು ಬಾರಿ ನಡೆದರೆ ಪಾದದ ಮೆತ್ತೆ ತಾನಾಗಿ ಗಟ್ಟಿಯಾಗುತ್ತದೆ. ನಮ್ಮ ಗುಡ್ಡಗಳಲ್ಲಿಯೂ ಚಿರತೆ, ಕರಡಿಗಳಿರುವುದರಿಂದ ಬಿಸಿಲೇರಿದ ಮೇಲೆ ಹೊರಟು, ಹಗ್ಗ ಬಿಡದೆ ನಡೆಯಬೇಕು. ದರೋಜಿ ಕರಡಿಧಾಮದ ಕಡೆಗಂತೂ ನಾಯಿಯನ್ನು ಒಯ್ಯಲೇಬಾರದು.

ಯಾವ ದಾರಿ ಹಿಡಿದರೂ ಚಳಿನಾಡಿಗೆ ಹೋಗುವವರು ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಲಿ. ಗುದದ್ವಾರದಲ್ಲಿ ಇಟ್ಟು ನೋಡಿದಾಗ ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 99ಕ್ಕಿಂತ ಕೆಳಗಿಳಿದರೆ ನಡಿಗೆ ಅಲ್ಲಿಗೆ ನಿಲ್ಲಬೇಕು. ನಡುಗುತ್ತಿರುವ ನಾಯಿ ಇನ್ನೂ ಹೋರಾಡುತ್ತಿದೆ ಎಂದು ತಿಳಿಯಿರಿ. ಬೆಚ್ಚಗಾಗದೆಯೇ ನಡುಕ ನಿಂತು, ಹೆಜ್ಜೆ ತಡವರಿಸಿ, ಮಂಕಾಗಿ ಮಲಗಿದರೆ ಅದು ಶಾಂತವಾದದ್ದಲ್ಲ, ಕುಸಿಯುತ್ತಿರುವುದು. ಗಾಳಿ ಬೀಸದ ಕಡೆಗೆ ಸರಿಸಿ, ಒದ್ದೆ ಅಂಗಿ ಬಿಚ್ಚಿ, ಒಣಬಟ್ಟೆಯಲ್ಲಿ ಒತ್ತಿ ಒರೆಸಿ, ತಮ್ಮದೇ ಮಲಗುವ ಚೀಲದೊಳಗೆ ಎದೆಗಪ್ಪಿ ಮಲಗಿಸಿಕೊಳ್ಳಬೇಕು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಎದೆ, ಹೊಟ್ಟೆಯ ಬದಿಗೆ ಇಡಬೇಕು. ಮೊದಲು ಬೆಚ್ಚಗಾಗಬೇಕಾದದ್ದು ಮುಂಡ, ಕಾಲುಗಳಲ್ಲ. ಕಾಲು ಉಜ್ಜುವುದು, ಬೆಂಕಿಯ ಬದಿಯಲ್ಲಿ ಮಲಗಿಸುವುದು ಎರಡೂ ತಪ್ಪು. ಎಚ್ಚರವಿದ್ದು ನುಂಗಬಲ್ಲದಾದರೆ ಮಾತ್ರ ಉಗುರುಬೆಚ್ಚಗಿನ ಬೆಲ್ಲದ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಬಹುದು. ಬಿಳಿಚಿ ಗಟ್ಟಿಯಾದ ಕಿವಿ ಅಥವಾ ಬಾಲದ ತುದಿಯನ್ನು ತಿಕ್ಕದೆ ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಸುತ್ತಬೇಕು, ಅದು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕೆಳಗಿಳಿಯುವವರೆಗೆ ಕರಗಿಸದಿರುವುದೇ ಮೇಲು.

ಟಿಕೆಟ್ ಕಾಯ್ದಿರಿಸುವ ಮೊದಲು, ಸಾಧ್ಯವಾದರೆ ಬರುವ ವಾರವೇ, ತಮ್ಮ ಊರಿನ ಪಶುವೈದ್ಯರಲ್ಲಿ ತುಂಗಿಯ ರಕ್ತವನ್ನು ಪರೀಕ್ಷೆಗೆ ಕೊಡಿ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತಲೇಪನ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮೂರೂ ಬೇಕು. ಹಿಮೋಗ್ಲೋಬಿನ್ 12ಕ್ಕಿಂತ, ಪ್ಲೇಟ್‌ಲೆಟ್ ಎರಡು ಲಕ್ಷಕ್ಕಿಂತ ಕಡಿಮೆ ಇದ್ದರೆ ಮನಾಲಿಯೂ ಬೇಡ. ವೈದ್ಯರು ಹೇಳಿದಷ್ಟು ದಿನ ಮಾತ್ರೆ ಪೂರ್ತಿ ಮುಗಿಸಿ, ಒಂದು ತಿಂಗಳ ನಂತರ ಮತ್ತೆ ಪರೀಕ್ಷಿಸಿ. ಹುಚ್ಚುನಾಯಿ ರೋಗದ ಲಸಿಕೆಯ ಜೊತೆಗೆ ಇಲಿಜ್ವರದ ಲಸಿಕೆಯ ದಿನಾಂಕವನ್ನೂ ನೋಡಿ, ಭತ್ತದ ಗದ್ದೆ, ಕಾಲುವೆಯ ನೀರಿನಲ್ಲಿ ಓಡಾಡುವ ನಾಯಿಗೆ ಅದು ವರ್ಷಕ್ಕೊಮ್ಮೆ ಬೇಕು. ಉಣ್ಣಿಗೆ ಬಾಯಿಂದ ಕೊಡುವ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ಬರೆಸಿಕೊಳ್ಳಿ, ಜೊತೆಗೆ ತುಂಗಿ ಮಲಗುವ ಜಗಲಿಯ ಚಪ್ಪಡಿಗಳ ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಪರೀಕ್ಷೆಯ ವರದಿ ಬಂದ ಮೇಲೆ ಅಂಕಿಗಳನ್ನು ಬರೆದು ಕಳುಹಿಸಿದರೆ ಮುಂದಿನ ಕಾರ್ತಿಕಕ್ಕೆ ಯಾವ ಎತ್ತರದವರೆಗೆ ಯೋಚಿಸಬಹುದು ಎಂಬುದನ್ನು ತಿಳಿಸುತ್ತೇನೆ.